ಮೆಲ್ಲಕ್ಕನ ಮನೆಯ ಸದ್ದಿಲ್ಲದ ಮಕ್ಕಳು

ಮೆಲ್ಲಕ್ಕ ಎಂಬುದು ಅವಳಿಗೆ ತಂದೆತಾಯಿ ಇಟ್ಟ ಹೆಸರಲ್ಲ, ಓಣಿಯವರು ಇಟ್ಟದ್ದು. ಮೆಟ್ಟಿಲು ಹತ್ತುವಾಗ ಚಪ್ಪಲಿ ಕೈಯಲ್ಲಿ ಹಿಡಿಯುವವಳು, ಪಾತ್ರೆ ಇಡುವ ಕಡೆ ಮೊದಲು ಬಟ್ಟೆ ಹಾಸುವವಳು, ಬಾಗಿಲ ತಿರುಗಣಿಗೆ ಎಣ್ಣೆ ಬಿಡುವುದನ್ನು ಒಂದು ವಾರವೂ ಮರೆಯದವಳು. ಯಾರಾದರೂ ಗಟ್ಟಿಯಾಗಿ ಕೂಗಿದರೆ ಎರಡೂ ಕೈ ಕೆಳಗೆ ಮಾಡಿ "ಮೆಲ್ಲಗೆ, ಮೆಲ್ಲಗೆ" ಅನ್ನುವವಳು. ಅದೇ ಮಾತು ಅವಳಿಗೆ ಅಂಟಿಕೊಂಡಿತು.

ಅದಕ್ಕೆ ಕಾರಣ ಅವಳ ಗಂಡ. ಆತ ಬೇಕರಿಯ ಭಟ್ಟಿಯ ಮುಂದೆ ರಾತ್ರಿ ಪಾಳಿ ಮಾಡುವ ಮನುಷ್ಯ. ಊರೆಲ್ಲ ಎದ್ದು ಬ್ರೆಡ್ಡು ಕೊಳ್ಳುವ ಹೊತ್ತಿಗೆ ಹುಬ್ಬಿನ ಮೇಲೆ ಹಿಟ್ಟು ಹೊತ್ತು ಮನೆಗೆ ಬರುತ್ತಿದ್ದ. ಉಂಡು, ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೆ ಏಳುವುದು ಬಿಸಿಲು ಇಳಿದ ಮೇಲೆ. ಮನೆಯೆಂದರೆ ಮೂರನೇ ಮಹಡಿಯ ಒಂದೇ ಉದ್ದನೆಯ ಕೋಣೆ. ನಡುವೆ ತೆಳು ಹಲಗೆಯ ಅಡ್ಡಗೋಡೆ. ಆಚೆ ಅವನ ನಿದ್ದೆ, ಈಚೆ ಅವಳ ಸಂಸಾರ. ಒಮ್ಮೆ, ಮದುವೆಯಾದ ಹೊಸತರಲ್ಲಿ, ನಿದ್ದೆಗೆಟ್ಟು ಹೋದವನು ಭಟ್ಟಿಯ ಬಾಯಿಗೆ ಕೈ ಕೊಟ್ಟು ಮೊಣಕೈವರೆಗೆ ಸುಟ್ಟುಕೊಂಡು ಬಂದಿದ್ದ. ಆ ಗಾಯಕ್ಕೆ ಮುಲಾಮು ಹಚ್ಚುತ್ತ ಹಚ್ಚುತ್ತ ಅವಳು ಮನೆಯ ಸದ್ದನ್ನೆಲ್ಲ ಒಂದೊಂದಾಗಿ ಒರೆಸಿ ಹಾಕಿದಳು. ಅವನು ಎಂದೂ ಕೇಳಿದವನಲ್ಲ, ಗದರಿದವನೂ ಅಲ್ಲ. ಅವಳೇ ಮಾಡಿದ್ದು.

ಮಗಳು ಮದುವೆಯಾಗಿ ಹೋದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ತಾನಾಗಿ ಅವಳ ಮಡಿಲಿಗೆ ಬಂತು. ಕೆಳಮನೆಯವಳು ಆಸ್ಪತ್ರೆಗೆ ಹೋಗುವಾಗ ಕೂಸನ್ನು ಒಂದು ದಿನ ಬಿಟ್ಟು ಹೋದಳು. ಸಂಜೆ ಬಂದಾಗ ಕೂಸು ಹೂವಿನ ಹಾಗೆ ಮಲಗಿತ್ತು. "ನಮ್ಮನೇಲಿ ಮನೆ ಹಾರಿಸೋ ಮಗು ಇದು, ಏನು ಮಾಡಿದ್ರಿ ಅಕ್ಕ?" ಎಂದಳು. ಮಾತು ಬಾಯಿಂದ ಬಾಯಿಗೆ ಹೋಯಿತು. ಮೆಲ್ಲಕ್ಕನ ಹತ್ತಿರ ಬಿಟ್ಟರೆ ಎಂಥ ರಚ್ಚೆ ಮಗುವೂ ಪಿಟ್ಟೆನ್ನುವುದಿಲ್ಲವಂತೆ ಎಂದು ಓಣಿಯಾಚೆಯಿಂದಲೂ ಜನ ಬಂದರು. ಕೈ ಅವಳದು ಬಹಳ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಹಸಿವು ಬರುವ ಮೊದಲೇ ಹಾಲು, ಒದ್ದೆಯಾಗುವ ಮೊದಲೇ ಬಟ್ಟೆ. ಮಗು ಬಾಯಿ ತೆರೆಯಿತೋ, ಬೆನ್ನ ಮೇಲೆ ಕೈ, ಹೆಗಲ ಮೇಲೆ ತಲೆ, ತಟ್ಟು. ಗಿಲಕಿಯನ್ನು ಸೀಳಿ ಒಳಗಿನ ಕಾಳು ತೆಗೆದು ಮತ್ತೆ ಅಂಟಿಸಿಟ್ಟಿದ್ದಳು. ಮಕ್ಕಳು ಅದನ್ನು ಅಲ್ಲಾಡಿಸುತ್ತಿದ್ದವು, ಏನೂ ಕೇಳುತ್ತಿರಲಿಲ್ಲ, ಕೆಳಗೆ ಹಾಕುತ್ತಿದ್ದವು. ನೆಲಕ್ಕೆ ದಪ್ಪ ಜಮಖಾನ ಇತ್ತು, ಬಿದ್ದದ್ದೂ ಕೇಳುತ್ತಿರಲಿಲ್ಲ.

ಪುಟ್ಟಿ ಅವಳ ಕೈಗೆ ಬಂದಾಗ ಇನ್ನೂ ಕುತ್ತಿಗೆ ಗಟ್ಟಿಯಾಗಿರಲಿಲ್ಲ. ಪುಟ್ಟಿಯ ತಾಯಿ ಬಸ್ ಕಂಡಕ್ಟರು. ಬೆಳಗಿನ ಮೊದಲ ಬಸ್ಸಿಗೆ ಹೊರಡುವವಳು, ಖಾಕಿ ಅಂಗಿಯ ಭುಜದ ಮೇಲೆ ಚೀಲದ ಪಟ್ಟಿ ಕೊರೆದ ಗುರುತು ಹೊತ್ತು ಸಂಜೆ ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ. ಮನೆಯಲ್ಲಿ ಅತ್ತೆ ಇದ್ದರು, ಆದರೆ ಮಂಡಿನೋವು, ಮಗು ಎತ್ತಲಾರರು. ಹೀಗೆ ಪುಟ್ಟಿಯ ಹಗಲೆಲ್ಲ ಮೆಲ್ಲಕ್ಕನದೇ ಆಯಿತು. ಕೆಲವು ತಿಂಗಳ ಮೇಲೆ ಪಕ್ಕದ ಬೀದಿಯ ದರ್ಜಿಯ ಮಗನೂ ಸೇರಿಕೊಂಡ. ಅವನನ್ನು ಎಲ್ಲರೂ ಗುಂಡ ಎನ್ನುತ್ತಿದ್ದರು, ನೋಡಿದವರಿಗೆ ಕಾರಣ ಕೇಳಬೇಕಾಗಿರಲಿಲ್ಲ.

ಪುಟ್ಟಿ ನಡೆಯತೊಡಗಿದಳು. ಮೆಟ್ಟಿಲು ಏರತೊಡಗಿದಳು. ಎರಡನೇ ಹುಟ್ಟುಹಬ್ಬ ಹತ್ತಿರ ಬಂತು. ಆದರೆ ಅಮ್ಮ ಎನ್ನಲಿಲ್ಲ, ಹಾಲು ಎನ್ನಲಿಲ್ಲ, ಏನೂ ಎನ್ನಲಿಲ್ಲ. ಬೇಕಾದ್ದರ ಕಡೆ ಕೈ ಹಿಡಿದು ಎಳೆದುಕೊಂಡು ಹೋಗುವಳು, ಅಷ್ಟೆ. ಕೆಲವು ಮಕ್ಕಳು ತಡ ಎಂದು ಸುಮ್ಮನಿದ್ದ ಕಂಡಕ್ಟರಮ್ಮ ಕೊನೆಗೆ ರಜೆ ಹಾಕಿ ಮಕ್ಕಳ ಡಾಕ್ಟರ ಹತ್ತಿರ ಹೋದಳು. ಮರುದಿನ ಸಂಜೆ ಮಗುವನ್ನು ಕರೆದೊಯ್ಯಲು ಬಂದವಳು ಹೊಸ್ತಿಲ ಹೊರಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಕಿವಿ ಚೆನ್ನಾಗಿದೆ ಅಂದ್ರು ಅಕ್ಕ," ಎಂದಳು. "ಎಲ್ಲಾ ಕೇಳ್ಸುತ್ತಂತೆ. ಆದ್ರೆ ಈ ಹೊತ್ತಿಗೆ ನಾಕು ಮಾತು ಬರಬೇಕಿತ್ತಂತೆ. ಹಗಲು ಮಗು ಜೊತೆ ಯಾರು ಮಾತಾಡ್ತಾರೆ, ಹಾಡು ಹೇಳ್ತಾರಾ, ಮುಖ ಮುಚ್ಚಿ ತೆಗೆದು ಆಟ ಆಡಿಸ್ತಾರಾ ಅಂತೆಲ್ಲ ಕೇಳಿದ್ರು."

"ನೀನೇನಂದೆ?"

"ಅಕ್ಕ ಮಾತಾಡ್ತಾನೇ ಇರ್ತಾರೆ ಅಂದೆ. ಹೌದು ತಾನೆ?"

"ಹೂಂ," ಎಂದಳು ಮೆಲ್ಲಕ್ಕ.

ಯೋಚಿಸಿ ಆಡಿದ ಸುಳ್ಳಲ್ಲ ಅದು. ಬಾಯಿಗೆ ಬಂದದ್ದು ಅಷ್ಟೇ. ಆದರೆ ಬಂದ ಮೇಲೆ ವಾಪಸು ಹೋಗಲಿಲ್ಲ.

"ಹಾಗಾದ್ರೆ ತಪ್ಪು ನಂದೇ," ಎಂದು ಕಂಡಕ್ಟರಮ್ಮ ಶೂ ಬಿಚ್ಚಿ ಪಾದ ಒತ್ತಿಕೊಂಡಳು. "ದಿನವೆಲ್ಲ ಮುಂದೆ ಹೋಗಿ, ಒಳಗೆ ಬನ್ನಿ, ಚಿಲ್ಲರೆ ಕೊಡಿ ಅಂತ ಅರಚಿ ಅರಚಿ, ಮನೆಗೆ ಹೋದ್ರೆ ನನ್ಗೆ ಒಂದು ಮಾತೂ ಹುಟ್ಟಲ್ಲ. ಮಗೂನ ತಬ್ಕೊಂಡು ಬಿದ್ಕೊಳ್ತೀನಿ. ನಮ್ಮತ್ತೆ ಹೇಳ್ತಾರೆ, ನಿನ್ನ ನಾಲಿಗೆ ಎಲ್ಲಾ ಬಸ್ಸಲ್ಲೇ ಸವೆದು ಹೋಗುತ್ತೆ, ಮನೆಗೆ ಬರೋದು ಬರೀ ಹಲ್ಲು ಅಂತ."

ಹೇಳುತ್ತ ನಕ್ಕಳು. ನಗುವಿನ ಕೊನೆಯಲ್ಲೇ ಅಳು ಬಂತು. ಮೆಲ್ಲಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಡಾಕ್ಟರು ಹೇಳಿ ಕಳಿಸಿದ್ದನ್ನೆಲ್ಲ ಕಂಡಕ್ಟರಮ್ಮ ಒಪ್ಪಿಸಿದಳು. ಬಟ್ಟೆ ಹಾಕುವಾಗ ಬಟ್ಟೆಯ ಹೆಸರು ಹೇಳಬೇಕು, ಸ್ನಾನ ಮಾಡಿಸುವಾಗ ಕೈಕಾಲಿನ ಹೆಸರು. ಸಣ್ಣ ಹಾಡು, ಪ್ರಾಸದ ಮಾತು, ಅದನ್ನೇ ಮತ್ತೆ ಮತ್ತೆ. ಕೊನೆಯ ಮಾತು ಬಿಟ್ಟು ಮಗುವಿನ ಮುಖ ನೋಡಿಕೊಂಡು ಕಾಯಬೇಕು. ಮಗು ಬರೀ 'ಆ' ಅಂದರೂ ಅದಕ್ಕೊಂದು ಉತ್ತರ ಕೊಡಬೇಕು.

ಆ ಕೊನೆಯ ಮಾತು ಮೆಲ್ಲಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಪುಟ್ಟಿ 'ಆ' ಅನ್ನುತ್ತಿದ್ದಳು. ಕೂರಲು ಕಲಿತ ಹೊತ್ತಿನಲ್ಲಿ ಬಬಬ, ದದದ ಎಂದು ಚಾಪೆಯ ಮೇಲೆ ಕೂತು ಭಾಷಣ ಮಾಡುತ್ತಿದ್ದಳು. ಪ್ರತಿ ಸಲವೂ ಮೆಲ್ಲಕ್ಕ ಎತ್ತಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ, ಶ್ ಶ್ ಎಂದು ತಟ್ಟುತ್ತಿದ್ದಳು. ಆ ಬಬಬ ಯಾವಾಗ ನಿಂತಿತು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಿಂತದ್ದು ಗೊತ್ತೇ ಆಗದಷ್ಟು ಹಿತವಾಗಿತ್ತು ಅವಳಿಗೆ ಎಂಬುದು ಮಾತ್ರ ನೆನಪಾಯಿತು.

ಮರುದಿನ ಮಗುವಿಗೆ ಅಂಗಿ ತೊಡಿಸುತ್ತ "ಇದು ಕೈ" ಎಂದಳು. ದನಿ ಹೊರಬರಲಿಲ್ಲ, ತುಟಿ ಮಾತ್ರ ಆಡಿತು. ಗಂಟಲು ಸರಿಮಾಡಿಕೊಂಡು ಮತ್ತೆ "ಇದು ಕೈ, ಇದು ಇನ್ನೊಂದು ಕೈ" ಎಂದಳು. ಯಾರೋ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೇನೋ ಎಂಬಂತೆ ನಾಚಿಕೆಯಾಯಿತು. ಅವಳಿಗೆ ಹಾಡೂ ಬರುತ್ತಿರಲಿಲ್ಲ. ಅವಳ ತಾಯಿ ಮಾತಿಗೂ ಬಿಡುವಿಲ್ಲದೆ ದುಡಿದವಳು, ಹಾಡಿದ್ದನ್ನು ಕೇಳಿದ ನೆನಪಿಲ್ಲ. ಆದರೂ ಏನೋ ಒಂದು ರಾಗ ಹಿಡಿದು, ಇದ್ದದ್ದರಲ್ಲಿ ಸ್ವಲ್ಪ ಗಟ್ಟಿಯಾಗಿ ಗುನುಗತೊಡಗಿದಳು.

ಪುಟ್ಟಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹತ್ತಿರ ಬಂದು, ತನ್ನ ಪುಟ್ಟ ಅಂಗೈಯನ್ನು ಅವಳ ಬಾಯಿಯ ಮೇಲಿಟ್ಟಳು. ಇನ್ನೊಂದು ಕೈಯಿಂದ ಹಲಗೆಯ ಗೋಡೆಯ ಕಡೆ ತೋರಿಸಿದಳು. ಆಮೇಲೆ ಮೆಲ್ಲಕ್ಕನ ಬೆನ್ನಿಗೆ ಕೈ ಚಾಚಿ, ನಿಲುಕಿದಷ್ಟು, ತಟ್ಟಿದಳು.

ಮೆಲ್ಲಕ್ಕ ಆ ಕೈ ತೆಗೆಯಲಿಲ್ಲ. ಈ ಮಗುವಿಗೆ ಏನೂ ಕಲಿಸಿಲ್ಲ ಎಂದುಕೊಂಡಿದ್ದಳು. ಕಲಿಸಿದ್ದಳು, ಚೆನ್ನಾಗಿಯೇ ಕಲಿಸಿದ್ದಳು.

ಅಂದಿನಿಂದ ಗಂಡ ಮಲಗಿದ ಕೂಡಲೇ ಒಂದು ಮಗುವನ್ನು ಸೊಂಟಕ್ಕೇರಿಸಿ, ಇನ್ನೊಂದರ ಕೈ ಹಿಡಿದು ತಾರಸಿಗೆ ಹೋಗತೊಡಗಿದಳು. ಅಲ್ಲಿ ಬಟ್ಟೆ ಒಣಗಿಸುವ ಹಗ್ಗಗಳು, ನೀರಿನ ತೊಟ್ಟಿ, ತೊಟ್ಟಿಯ ನೆರಳು. ಒದ್ದೆ ಹಾಸಿಗೆ ಬಟ್ಟೆಯ ಹಿಂದೆ ಮುಖ ಮುಚ್ಚಿ "ಎಲ್ಲಿ? ಎಲ್ಲಿ?" ಎಂದು ಕೇಳಿ, ಪಕ್ಕದಿಂದ ಇಣುಕಿ "ಇಲ್ಲಿ" ಎನ್ನುತ್ತಿದ್ದಳು. ಗುಂಡ ಮೊದಲ ದಿನವೇ ಕೇಕೆ ಹಾಕಿದ. ಪುಟ್ಟಿ ಬೆದರಿ ಅವನ ಬಾಯಿ ಮುಚ್ಚಲು ಓಡಿದಳು. "ಬೇಡ ಕಂದ, ಇಲ್ಲಿ ಯಾರೂ ಮಲಗಿಲ್ಲ. ಇಲ್ಲಿ ಕೂಗಬಹುದು," ಎಂದು ಮೆಲ್ಲಕ್ಕ ಹೇಳಬೇಕಾಯಿತು. ಹೇಳಿದರೆ ಸಾಲದು ಎಂದು ತಾನೇ ಆಕಾಶದ ಕಡೆ ಮುಖ ಮಾಡಿ "ಓ" ಎಂದು ಕೂಗಿದಳು. ಎದುರು ತಾರಸಿಯಲ್ಲಿ ಬಟ್ಟೆ ಹಿಂಡುತ್ತಿದ್ದವಳು ಏನಾಯಿತೋ ಎಂದು ಕೈಲಿದ್ದದ್ದನ್ನು ಬಿಟ್ಟು ನಿಂತಳು.

ಹಾಡು ಬಾರದಿದ್ದರೆ ಏನಂತೆ, ಕಣ್ಣಿಗೆ ಬಿದ್ದದ್ದನ್ನೇ ಪ್ರಾಸಕ್ಕೆ ಕೂರಿಸಿದಳು. ಗುಂಡನ ಕಾಲ್ಚೀಲದ ಹಿಮ್ಮಡಿಯಲ್ಲಿ ಯಾವಾಗಲೂ ತೂತು. ದರ್ಜಿಯ ಮನೆಯಲ್ಲಿ ಊರಿನ ಹರಕಿಗೆಲ್ಲ ಸೂಜಿಯಿದೆ, ಮಗನ ಕಾಲ್ಚೀಲಕ್ಕಿಲ್ಲ. ಅದನ್ನೇ ಹಿಡಿದು ಅವಳು ಕಟ್ಟಿದ್ದು:

ಕಾಲ್ಚೀಲ ಕಾಲ್ಚೀಲ ಎಲ್ಲಿಗೆ ಹೋದೆ?
ಕಾಲನು ಹುಡುಕುತ ಇಲ್ಲಿಗೆ ಬಂದೆ.
ಐದು ಬೆರಳಿಗೆ ಮನೆಯನು ಕೊಟ್ಟೆ,
ಹಿಮ್ಮಡಿ ಒಂದನು ಹೊರಗಡೆ ಬಿಟ್ಟೆ...

ಇಲ್ಲಿ ನಿಲ್ಲಿಸಿ, ಮಗುವಿನ ಮುಖ ನೋಡಿ ಕಾದು, ಆಮೇಲೆ ಹಿಮ್ಮಡಿಗೆ ಬೆರಳಿನಿಂದ ಹೊಡೆದು "ಡಬ್" ಎನ್ನುತ್ತಿದ್ದಳು. ಕಾಯುವುದು ಬಹಳ ಕಷ್ಟವಾಗಿತ್ತು. ಆ ಒಂದು ಗಳಿಗೆಯ ಮೌನ ಅವಳಿಗೆ ಹಳೆಯ ಮೌನದಂತೆಯೇ ಕೇಳುತ್ತಿತ್ತು.

ಹಾಡಿದರೂ ಒಳಗಿನ ಭಾರ ಇಳಿಯಲಿಲ್ಲ. ಸಂಜೆ ಕಂಡಕ್ಟರಮ್ಮ ಬಂದಾಗ ಮುಖ ಕೊಟ್ಟು ಮಾತಾಡಲಾರದೆ ಮಗುವಿನ ಚೀಲ ಹುಡುಕುವ ನೆಪದಲ್ಲಿ ಒಳಗೆ ಸರಿಯುತ್ತಿದ್ದಳು. ಒಂದು ದಿನ ಮಗಳಿಗೆ ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದಳು, "ನೀನು ಸಣ್ಣವಳಿದ್ದಾಗ ನಾನು ನಿನ್ನ ಮಾತಾಡಿಸ್ತಿದ್ನೇನೇ?"

"ಅಪ್ಪ ಮಲಗಿರ್ತಿದ್ರಲ್ಲಮ್ಮ," ಎಂದಳು ಮಗಳು. "ನಾವಿಬ್ರೂ ಸನ್ನೇಲೇ ಮಾತಾಡ್ತಿದ್ವಿ. ನಂಗೆ ಅದೊಂಥರ ಆಟ ಅನ್ನಿಸ್ತಿತ್ತು. ಯಾಕೆ?"

"ಏನಿಲ್ಲ, ಸುಮ್ನೆ," ಎಂದು ಫೋನಿಟ್ಟಳು. ಮಗಳು ಮಿತಭಾಷಿ, ಹತ್ತು ಕೇಳಿದರೆ ಒಂದು ಹೇಳುವವಳು. ಹುಡುಗಿ ಗಂಭೀರ ಎಂದು ಬೀಗರು ಮೆಚ್ಚಿಕೊಂಡೇ ಕರೆದುಕೊಂಡು ಹೋಗಿದ್ದರು. ಆಗ ಮೆಲ್ಲಕ್ಕ ಹೆಮ್ಮೆಪಟ್ಟಿದ್ದಳು. ಬೀದಿಯಲ್ಲಿ ಶಾಲೆ ಬಿಟ್ಟು ಬರುವ ಮಕ್ಕಳಲ್ಲಿ ತಾನು ನೋಡಿಕೊಂಡವರು ಕಂಡರೆ ಈಗ ನಿಂತು ಗಮನಿಸತೊಡಗಿದಳು. ಕೆಳಮನೆಯ ಹುಡುಗಿ ಬಾಯಿಬಡುಕಿ, ಉಸಿರು ಬಿಡದೆ ವಟಗುಟ್ಟುತ್ತ ಹೋಗುವಳು. ಅವಳನ್ನು ಕಂಡರೆ ಸಮಾಧಾನ. ಹಿಂದೆ ತಲೆ ತಗ್ಗಿಸಿಕೊಂಡು ಬರುವ ಇನ್ನೊಬ್ಬಳನ್ನು ಕಂಡರೆ ಆ ಸಮಾಧಾನ ಅಲ್ಲೇ ಕರಗುತ್ತಿತ್ತು.

ಒಂದು ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ತಾರಸಿಯಿಂದ ಇಳಿದು ಬಂದಾಗ ಗಂಡ ಎದ್ದು ಕೂತಿದ್ದ. ಅವಳು ಹೊಸ್ತಿಲಲ್ಲೇ ನಿಂತಳು.

"ಎಚ್ಚರ ಆಯ್ತೇನ್ರೀ? ಸದ್ದು ಕೆಳಗೂ ಬಂತಾ?"

"ಅದೇನದು ಡಬ್ ಡಬ್ ಅಂತ?"

ಅವಳು ನಿಂತಲ್ಲೇ ಎಲ್ಲ ಹೇಳಿದಳು. ಡಾಕ್ಟರು ಹೇಳಿದ್ದು, ಪುಟ್ಟಿ ಬಾಯಿಯ ಮೇಲೆ ಕೈಯಿಟ್ಟದ್ದು, ತಾನು ಹೂಂ ಅಂದದ್ದು. ಅವನು ಸುಟ್ಟ ಗುರುತಿನ ತೋಳನ್ನು ಸವರಿಕೊಳ್ಳುತ್ತ ಕೇಳಿಸಿಕೊಂಡ.

"ಹಾಗಾದ್ರೆ ನಾನು ಇಷ್ಟು ವರ್ಷ ಮಕ್ಕಳ ಬಾಯಿ ಮುಚ್ಚಿಸಿ ಮಲಗಿದ್ದೆ ಅಂತಾಯ್ತು," ಎಂದ. "ನಂಗೆ ಹೇಳ್ಬಾರ್ದಿತ್ತಾ? ನಾನು ಭಟ್ಟಿ ಪಕ್ಕದಲ್ಲಿ, ಹಿಟ್ಟು ಕಲಸೋ ಮೆಷಿನ್ನಿನ ಸದ್ದಿನ ಮಧ್ಯೆ ನಿಂತ್ಕೊಂಡೇ ತೂಕಡಿಸೋನು ಕಣೇ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯಾರೂ ಕೇಳದ ಸೇವೆಯನ್ನು ಇಷ್ಟು ವರ್ಷ ಮಾಡಿದ್ದಳು, ಅದರ ಬೆಲೆಯನ್ನು ಬೇರೆಯವರ ಮಕ್ಕಳಿಂದ ಕೊಡಿಸಿದ್ದಳು.

"ಆ ಕಂಡಕ್ಟರ್ ಹುಡುಗಿಗೆ ಹೇಳಿದೀಯಾ?" ಎಂದ.

"ಇಲ್ಲ."

ಅವನು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅದೇ ವಾರ ಕಂಡಕ್ಟರಮ್ಮ ಒಂದು ಸಂಜೆ ಬೇಗನೆ ಬಂದಳು. ಖಾಕಿ ಇರಲಿಲ್ಲ. "ಅಕ್ಕ, ನಾಳೆ ಡಿಪೋಗೆ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತೀನಿ," ಎಂದಳು. "ತಾಯಿ ಮನೇಲಿದ್ರೆ ಮಗು ಮಾತಾಡುತ್ತೆ ಅಂತ ಅತ್ತೆ ಹಟ ಹಿಡಿದಿದಾರೆ. ನಂಗೂ ಹಾಗೇ ಅನ್ನಿಸ್ತಿದೆ. ಎಷ್ಟು ಕಷ್ಟಪಟ್ಟು ಸೇರಿದ ಕೆಲಸ ಅಂತ ಮನಸ್ಸು ಒಪ್ತಿಲ್ಲ, ಆದ್ರೆ ಮಗೂಗಿಂತ ಹೆಚ್ಚಾ?"

ಮೆಲ್ಲಕ್ಕ ಈ ಸಲ ಚೀಲ ಹುಡುಕುವ ನೆಪದಲ್ಲಿ ಒಳಗೆ ಸರಿಯಲಿಲ್ಲ.

"ಬಿಡ್ಬೇಡ," ಎಂದಳು. "ತಪ್ಪು ನಿಂದಲ್ಲ. ನಾನು ಅವಳನ್ನ ಮಾತಾಡಿಸ್ತಿರ್ಲಿಲ್ಲ. ಇವರ ನಿದ್ದೆ ಕೆಡುತ್ತೆ ಅಂತ ಬಾಯಿ ತೆಗೆದಾಗೆಲ್ಲ ಸುಮ್ನಿರಿಸ್ತಿದ್ದೆ. ನೀನು ಬೆಳಿಗ್ಗೆ ಬಿಟ್ಟು ಹೋದ್ರೆ ಸಂಜೆ ತನಕ ಈ ಮನೇಲಿ ಒಂದು ಮಾತಿರ್ತಿರ್ಲಿಲ್ಲ."

ಕಂಡಕ್ಟರಮ್ಮ ಅರ್ಥವಾಗದವಳಂತೆ ನೋಡಿದಳು. ಅರ್ಥವಾದದ್ದು ನಿಧಾನವಾಗಿ, ಮುಖದ ಬಣ್ಣ ಇಳಿದಂತೆ.

"ಡಾಕ್ಟರ ಹತ್ರ ಹೋಗಿ ಬಂದ ಮೇಲೆ ಕೇಳಿದ್ನಲ್ಲ. ಹೂಂ ಅಂದ್ರಿ."

"ಅಂದೆ."

"ನಾನು ಇಲ್ಲೇ ಕೂತು, ನಂದೇ ತಪ್ಪು ಅಂತ ಅಳ್ತಿದ್ದೆ. ನೀವು ನೀರು ತಂದ್ಕೊಟ್ರಿ."

ಮಗುವನ್ನು ಸುಮ್ಮನಿರಿಸಿದ್ದು ತಿಳಿಯದೆ ಮಾಡಿದ್ದು. ನೀರು ಕೊಟ್ಟದ್ದು ತಿಳಿದು ಮಾಡಿದ್ದು. ಕಂಡಕ್ಟರಮ್ಮ ಕೂಗಾಡಲಿಲ್ಲ. ಹಾಲಿನ ಬಾಟಲಿ, ಮಡಿಸಿಟ್ಟ ಅಂಗಿಗಳು, ಒಂದು ಟೊಪ್ಪಿ, ಎಲ್ಲವನ್ನೂ ಚೀಲಕ್ಕೆ ತುಂಬಿ ಮಗುವನ್ನು ಎತ್ತಿಕೊಂಡಳು. ಇಳಿಯುವಾಗ ಅವಳ ಚಪ್ಪಲಿಯ ಸದ್ದು ಕೆಳಗಿನ ಬಾಗಿಲವರೆಗೂ ಕೇಳಿತು.

ದರ್ಜಿಯ ಹೆಂಡತಿಗೂ ಮೆಲ್ಲಕ್ಕ ತಾನೇ ಹೋಗಿ ಹೇಳಿದಳು. ಹೊಲಿಗೆ ಯಂತ್ರ ತುಳಿಯುತ್ತಿದ್ದವಳು ಕಾಲು ನಿಲ್ಲಿಸದೆ, "ನಮ್ಮ ಗುಂಡ ರಾತ್ರಿಯೆಲ್ಲ ಕೂಗಿ ಮನೆ ಹಾರಿಸ್ತಾನೆ ಅಕ್ಕ. ನಿಮ್ಮ ಹತ್ರ ಹಗಲಾದ್ರೂ ಸ್ವಲ್ಪ ಸುಮ್ನಿರ್ಲಿ ಬಿಡಿ," ಎಂದಳು. ಬೈಯಿಸಿಕೊಳ್ಳಲು ಹೋದವಳು ಬೈಗುಳವಿಲ್ಲದೆ ವಾಪಸು ಬಂದಳು. ಅದರಿಂದ ಮನಸ್ಸು ಹಗುರವಾಗಲಿಲ್ಲ. ತಾರಸಿಯ ಆಟ ಗುಂಡನೊಬ್ಬನೊಂದಿಗೇ ನಡೆಯಿತು. ಅವನು 'ಡಬ್' ಎನ್ನುವುದನ್ನು ಬೇಗ ಕಲಿತ. ಕಲಿತ ದಿನ ಮೆಲ್ಲಕ್ಕ ಅವನನ್ನು ಎತ್ತಿ ಮುದ್ದಾಡಿದಳು. ಮುದ್ದಾಡುತ್ತಲೇ, ಇಷ್ಟು ಸುಲಭವಿತ್ತೇ ಇದು ಎಂದುಕೊಂಡಳು.

ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಕಂಡಕ್ಟರಮ್ಮ ನಿಂತಿದ್ದಳು. ಖಾಕಿ ತೊಟ್ಟಿದ್ದಳು. ಪುಟ್ಟಿ ಸೊಂಟದ ಮೇಲಿದ್ದಳು.

"ಕ್ಷಮಿಸಿದೀನಿ ಅಂದ್ಕೋಬೇಡಿ," ಎಂದಳು ಮೊದಲೇ. "ಇನ್ನೊಂದು ಕಡೆ ಬಿಟ್ಟೆ. ಅಲ್ಲಿ ಟಿವಿ ಮುಂದೆ ಕೂರಿಸ್ತಾರೆ, ಅದೂ ಮಾತಲ್ಲ ಅಂತ ಡಾಕ್ಟರು ಅಂದ್ರು. ಇವಳು ದಿನಾ ನಿಮ್ಮ ಬೀದಿ ತಿರುವಲ್ಲಿ ಕೈ ಎಳೀತಾಳೆ. ನನ್ನ ರಜೆ ದಿನ ನಾನೂ ಬಂದು ಕೂತ್ಕೊಳ್ತೀನಿ. ನೋಡ್ಬೇಕು ನಂಗೆ."

"ಬಾ," ಎಂದಳು ಮೆಲ್ಲಕ್ಕ. "ಎಷ್ಟು ಹೊತ್ತಾದ್ರೂ ಕೂತ್ಕೊ."

ರಜೆಯ ದಿನ ಅವಳು ನಿಜವಾಗಿಯೂ ಬಂದಳು. ಮೊದಮೊದಲು ತಾರಸಿಯ ಕಟ್ಟೆಯ ಮೇಲೆ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರನ ಹಾಗೆ ಕೂರುತ್ತಿದ್ದಳು. ಆಮೇಲೆ ತಡೆಯಲಾರದೆ ತಾನೂ ಇಳಿದಳು. ನೀರಿನ ತೊಟ್ಟಿಯ ಪಕ್ಕ ಬಕೆಟ್ಟುಗಳನ್ನು ಬೋರಲು ಹಾಕಿ ಸಾಲಾಗಿ ಸೀಟು ಮಾಡಿದಳು. "ಹತ್ತಿ, ಹತ್ತಿ, ಯಾರ್ರೀ ಅದು ಬಾಗಿಲಲ್ಲಿ? ಒಳಗೆ ಬನ್ನಿ," ಎಂದು ಕೂಗಿ, ಗುಂಡನಿಗೆ ಒಣ ಎಲೆಯ ಟಿಕೆಟು ಕೊಟ್ಟಳು. ಬಸ್ಸಿನಲ್ಲಿ ಸವೆದು ಹೋಯಿತು ಎಂದುಕೊಂಡಿದ್ದ ದನಿ ಅದೇ ಬಸ್ಸನ್ನು ತಾರಸಿಗೆ ತಂದ ಕೂಡಲೇ ತುಂಬಿ ಬಂತು. "ಎಲ್ಲಾ ಹತ್ತಿದ್ರಾ? ಹಾಗಾದ್ರೆ..." ಎಂದು ನಿಲ್ಲಿಸಿ ಪುಟ್ಟಿಯ ಮುಖ ನೋಡುವಳು, ಕಾಯುವಳು, ಆಮೇಲೆ ತಾನೇ "ರೈಟ್" ಎನ್ನುವಳು. ಪುಟ್ಟಿ ನಗುವಳು, ಅಷ್ಟೆ.

ಆ ಮಾತನ್ನು ಪುಟ್ಟಿ ಆಡಿದ್ದು ತಾರಸಿಯಲ್ಲಲ್ಲ, ಮೆಲ್ಲಕ್ಕನ ಮುಂದೆಯೂ ಅಲ್ಲ. ಮನೆಯಲ್ಲಿ ಅಜ್ಜಿ ಮಂಡಿ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಾಗ, ಪಕ್ಕದಲ್ಲಿ ನಿಂತು "ಐಟ್" ಎಂದಳಂತೆ. ಅಜ್ಜಿ ನೋವು ಮರೆತು ಎದ್ದು ನಿಂತರಂತೆ, ಮತ್ತೆ ಕೂತು, ಮತ್ತೆ ಎದ್ದು, ಆ ಸಂಜೆಯೆಲ್ಲ ಬಸ್ಸು ಹತ್ತಿ ಇಳಿದರಂತೆ. ಕಂಡಕ್ಟರಮ್ಮ ಬಾಗಿಲಲ್ಲಿ ನಿಂತೇ ಇದನ್ನು ಹೇಳಿದಳು. ಮೆಲ್ಲಕ್ಕ ಕೇಳುತ್ತ ಕೇಳುತ್ತ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮಗು ಮಾತಾಡಿತಲ್ಲ ಎಂಬ ಸಂತೋಷದ ಹಿಂದೆಯೇ, ಅದು ಈ ಮನೆಯಲ್ಲಿ ಆಡಲಿಲ್ಲವಲ್ಲ ಎಂಬುದೂ ಇತ್ತು. ಆಡದಿದ್ದದ್ದೇ ಸರಿ ಎಂದೂ ಅನ್ನಿಸಿತು.

ಮಾತು ಬಂತು, ಆದರೆ ಮಳೆಯಂತೆ ಸುರಿಯಲಿಲ್ಲ. ಒಂದೊಂದೇ ಬಂತು. ಗುಂಡ ಅವಳಿಗಿಂತ ಚಿಕ್ಕವನು, ಆದರೂ ಅವಳ ಪಾಲಿನದ್ದನ್ನೂ ಸೇರಿಸಿ ಮಾತಾಡುತ್ತಿದ್ದ. ಪುಟ್ಟಿಯನ್ನು ಶಿಶುವಿಹಾರಕ್ಕೆ ಸೇರಿಸಿದ ಮೇಲೆ ಒಂದು ದಿನ ಕಂಡಕ್ಟರಮ್ಮ ಪಾಳಿಗೆ ಹೋಗುವ ದಾರಿಯಲ್ಲಿ ಬಂದು, ನಿಂತಂತೆಯೇ ನೀರು ಕುಡಿದಳು.

"ಅಲ್ಲಿ ಮಾತಾಡ್ತಾಳಂತಾ?" ಎಂದು ಕೇಳಿದಳು ಮೆಲ್ಲಕ್ಕ.

"ಕೇಳಿದ್ರೆ ಹೇಳ್ತಾಳಂತೆ. ತಾನಾಗಿ ಕಮ್ಮಿ."

"ನನ್ನಿಂದಾನೇ ಹಾಗಾಯ್ತೇನೋ."

ಕಂಡಕ್ಟರಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟು, ಚೀಲದ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಂಡಳು. "ಗೊತ್ತಿಲ್ಲ ಅಕ್ಕ," ಎಂದಳು. "ಇವಳಪ್ಪನೂ ಹಾಗೇ, ಕೇಳಿದ್ರೆ ಮಾತ್ರ. ಡಾಕ್ಟರನ್ನೂ ಕೇಳ್ದೆ, ಯಾರೂ ಹೇಳಕ್ಕಾಗಲ್ಲ ಅಂದ್ರು."

ಇಲ್ಲ ಅಕ್ಕ, ನಿಮ್ಮಿಂದಲ್ಲ ಎಂದು ಅವಳು ಹೇಳಲಿಲ್ಲ. ಸಮಾಧಾನಕ್ಕೊಂದು ಸುಳ್ಳು ಹೇಳದೆ ನಿಜವನ್ನೇ ಹೇಳಿದಳಲ್ಲ ಎಂದು ಮೆಲ್ಲಕ್ಕನಿಗೆ ಸಮಾಧಾನವೇ ಆಯಿತು. ಒಳಗೆ ಹೊಸದಾಗಿ ಬಂದ ಕೂಸೊಂದು ಎಚ್ಚರಗೊಂಡು ಏನೋ ಹೇಳತೊಡಗಿತ್ತು. "ಬಂದೆ ಬಂದೆ, ಏನಂತೆ?" ಎನ್ನುತ್ತ ಅವಳು ಒಳಗೆ ಹೋದಳು.